ಬಡವರ ಹುಂಡಿ ಸರಕಾರದ ಹೊಣೆಯನ್ನು ಹೊರಬೇಕೇ?

2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲವೂ ಒಟ್ಟು ಸೇರಿ ಒಂದು ಮಾತು ಕೊಟ್ಟವು. 2030ರೊಳಗೆ ಭೂಮಿಯ ಮೇಲಿನ ಪ್ರತಿಯೊಬ್ಬನಿಗೂ ಅಗತ್ಯ ಚಿಕಿತ್ಸೆ ಸಿಗಬೇಕು ಮತ್ತು ಅದನ್ನು ಪಡೆಯುವುದಕ್ಕಾಗಿ ಯಾರೂ ದಿವಾಳಿಯಾಗಬಾರದು ಎಂಬುದೇ ಆ ಮಾತು. ಇದಕ್ಕೆ ಸಾರ್ವತ್ರಿಕ ಆರೋಗ್ಯ ರಕ್ಷಣೆ ಎಂದು ಹೆಸರಿಟ್ಟರು. ಮಾತು ಕೊಟ್ಟು ಎಂಟು ವರ್ಷ ಕಳೆದ ಬಳಿಕ, 2023ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಬ್ಯಾಂಕ್ ಜಂಟಿಯಾಗಿ ಪ್ರಕಟಿಸಿದ ವರದಿಯು ಬೇರೆಯೇ ಕಥೆ ಹೇಳಿತು. 450 ಕೋಟಿ ಜನರಿಗೆ ಅಗತ್ಯ ಆರೋಗ್ಯ ಸೇವೆಗಳು ಪೂರ್ಣವಾಗಿ ದೊರೆಯುತ್ತಿಲ್ಲ. 200 ಕೋಟಿ ಜನರು ಚಿಕಿತ್ಸೆಯ ಖರ್ಚಿನಿಂದಾಗಿ ಆರ್ಥಿಕ ಸಂಕಷ್ಟದಲ್ಲಿದ್ದಾರೆ. ಗುರಿಯನ್ನು ಸಮೀಪಿಸುವ ವೇಗ 2015ರ ನಂತರ ಹೆಚ್ಚಾಗಬೇಕಿತ್ತು, ಆದರೆ ಕುಂಠಿತಗೊಂಡಿತು.

ಹಾಗಾದರೆ ಈ ರಕ್ಷಣೆಗೆ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ಎತ್ತಿದಾಗಲೆಲ್ಲ ಬಡ ದೇಶಗಳ ಆಡಳಿತಗಾರರು ಮತ್ತು ಅವರಿಗೆ ಸಾಲ ಕೊಡುವವರು ಒಂದು ಸಿದ್ಧ ಉತ್ತರವನ್ನು ಮುಂದಿಡುತ್ತಾರೆ. ಜನರೇ ಊರೂರಿನಲ್ಲಿ ಸಂಘ ಕಟ್ಟಿಕೊಳ್ಳಲಿ, ಆರೋಗ್ಯವಿರುವಾಗ ತಲಾ ಇಷ್ಟೆಂದು ಕೂಡಿಡಲಿ, ಕಾಯಿಲೆ ಬಿದ್ದವನ ಖರ್ಚನ್ನು ಆ ನಿಧಿಯಿಂದ ಭರಿಸಲಿ. ಕೇಳಲು ಸೊಗಸಾದ ಮಾತು. ಇದರಲ್ಲಿ ಸತ್ಯವೂ ಇದೆ, ಒಂದು ಮೋಸವೂ ಇದೆ. ಈ ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಪಶ್ಚಿಮ ಆಫ್ರಿಕಾಕ್ಕೆ, ಅದರಲ್ಲೂ ಸೆನೆಗಲ್‌ಗೆ ಹೋಗಬೇಕು. ಯಾಕೆಂದರೆ ಪರಸ್ಪರ ಆರೋಗ್ಯ ಸಂಘಗಳ ಪ್ರಯೋಗವನ್ನು ಮೂರೂವರೆ ದಶಕಗಳಿಂದ ನಡೆಸಿಕೊಂಡು ಬಂದ ನೆಲ ಅದು. ಫ್ರೆಂಚರ ವಸಾಹತಾಗಿದ್ದ ಕಾರಣ ಅಲ್ಲಿಯ ಜನರು ಈ ಸಂಘವನ್ನು 'ಮ್ಯುಚುವೆಲ್' ಎನ್ನುತ್ತಾರೆ.

ಮೊದಲಿಗೆ ಈ ಸಂಘಗಳು ಹುಟ್ಟಿದ್ದೇಕೆ ಎಂಬುದನ್ನು ತಿಳಿಯೋಣ. ಸ್ವಾತಂತ್ರ್ಯ ದೊರೆತ ಆರಂಭದ ವರ್ಷಗಳಲ್ಲಿ ಆಫ್ರಿಕಾದ ಹಲವು ಸರಕಾರಗಳು ಉಚಿತ ಚಿಕಿತ್ಸೆಯ ಮಾತಾಡುತ್ತಿದ್ದವು. ಎಂಬತ್ತರ ದಶಕದಲ್ಲಿ ಸಾಲದ ಹೊರೆ ಏರಿತು. ಸಾಲ ಕೊಟ್ಟವರು ವೆಚ್ಚ ಕಡಿತದ ಷರತ್ತು ಹಾಕಿದರು. 1987ರಲ್ಲಿ ಮಾಲಿ ದೇಶದ ರಾಜಧಾನಿ ಬಮಾಕೊದಲ್ಲಿ ಆಫ್ರಿಕಾದ ಆರೋಗ್ಯ ಸಚಿವರು ಸಭೆ ಸೇರಿ ಒಂದು ನೀತಿಯನ್ನು ಅಂಗೀಕರಿಸಿದರು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಅದರ ಬೆನ್ನಿಗಿದ್ದವು. ಆರೋಗ್ಯ ಕೇಂದ್ರಗಳಲ್ಲಿ ಔಷಧಿಗೆ ರೋಗಿಯಿಂದಲೇ ಹಣ ಪಡೆದು, ಆ ಹಣದಿಂದ ಮತ್ತೆ ಔಷಧಿ ತರಿಸಿ ಕೇಂದ್ರವನ್ನು ನಡೆಸುವುದು ಆ ನೀತಿಯ ತಿರುಳು. ಔಷಧಿಯೇ ಇಲ್ಲದ ಕೇಂದ್ರಗಳಿಗೆ ಔಷಧಿ ಬಂತು ಎಂಬುದು ನಿಜ. ಆದರೆ ಬಾಗಿಲಲ್ಲಿ ಕಾಸಿನ ಡಬ್ಬಿಯೂ ಬಂತು. 1994ರ ಜನವರಿಯಲ್ಲಿ ಆ ಪ್ರದೇಶದ ನಾಣ್ಯವಾದ ಸಿ.ಎಫ್.ಎ. ಫ್ರಾಂಕಿನ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕೆ ಇಳಿಸಲಾಯಿತು. ಹೊರಗಿನಿಂದ ತರಿಸುವ ಔಷಧಿಗಳು ಬಡವನ ಕೈಗೆ ಮತ್ತಷ್ಟು ಎಟುಕದಾದವು.

ಇಂತಹ ಕಾಲದಲ್ಲಿ, 1989ರಲ್ಲಿ, ಸೆನೆಗಲ್‌ನ ಥಿಯೆಸ್ ನಗರದ ಬಳಿಯ ಫಾಂದೆನ್ ಎಂಬ ಹಳ್ಳಿಯಲ್ಲಿ ಮೊದಲ ಆರೋಗ್ಯ ಸಂಘ ತಲೆಯೆತ್ತಿತು. ಥಿಯೆಸ್ ಇರುವುದು ರಾಜಧಾನಿ ಡಾಕರ್‌ನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ. ಅಲ್ಲಿ ಕೆಥೋಲಿಕರು ನಡೆಸುವ ಸಂತ ಜಾನ್ ದೇವರ ಹೆಸರಿನ ಆಸ್ಪತ್ರೆಯಿದೆ. ಹಳ್ಳಿಯವರು ಆಸ್ಪತ್ರೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಸಂಘದ ಸದಸ್ಯರಿಗೆ ಆಸ್ಪತ್ರೆಯು ದರದಲ್ಲಿ ಅರ್ಧದಷ್ಟು ರಿಯಾಯಿತಿ ಕೊಡಬೇಕು. ಉಳಿದುದನ್ನು ಸಂಘದ ನಿಧಿ ಪಾವತಿಸಬೇಕು. ಸದಸ್ಯರು ತಿಂಗಳಿಗೆ ತಲಾ ನೂರು ಇನ್ನೂರು ಫ್ರಾಂಕ್ ಕಟ್ಟಬೇಕು. ನೂರು ಫ್ರಾಂಕ್ ಎಂದರೆ ಇಂದಿನ ಲೆಕ್ಕದಲ್ಲಿ ನಮ್ಮ ಹದಿನೈದು ರೂಪಾಯಿಯ ಆಸುಪಾಸು. ಕ್ರಮೇಣ ಥಿಯೆಸ್‌ನ ಸುತ್ತಲಿನ ಹಲವು ಊರುಗಳು ಈ ಮಾದರಿಯನ್ನು ಎತ್ತಿಕೊಂಡವು.

ಶೇ. 95ಕ್ಕೂ ಹೆಚ್ಚು ಮುಸ್ಲಿಮರಿರುವ ದೇಶದಲ್ಲಿ ಈ ಕೆಲಸ ಆರಂಭವಾದದ್ದು ಒಂದು ಕ್ರೈಸ್ತ ಹಳ್ಳಿಯಲ್ಲಿ, ಚರ್ಚಿನ ಆಶ್ರಯದಲ್ಲಿ ಎಂಬುದನ್ನು ನಾವು ಗಮನಿಸಬೇಕು. ಒಳ್ಳೆಯ ಕಾರ್ಯ ಯಾರ ಅಂಗಳದಲ್ಲಿ ಮೊಳೆತರೂ ನೆರೆಯವನು ಅದರ ಬೀಜವನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಯಿಲ್ಲ. ಅಷ್ಟಕ್ಕೂ ಈ ಸಂಘಗಳ ತತ್ವ ಮುಸ್ಲಿಮರಿಗೆ ಅಪರಿಚಿತವೂ ಅಲ್ಲ. ಇಸ್ಲಾಮೀ ಸಹಕಾರ ಸಂಘಟನೆಯ ಫಿಕ್‌ಹ್ ಅಕಾಡೆಮಿಯು 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸಭೆ ಸೇರಿದಾಗ, ಲಾಭಕ್ಕಾಗಿ ನಡೆಯುವ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದೂ, ಪರಸ್ಪರ ನೆರವಿನ ತಳಹದಿಯ ಸಹಕಾರಿ ವಿಮೆಯನ್ನು ಸಮ್ಮತವೆಂದೂ ನಿರ್ಣಯಿಸಿತ್ತು. ಎರಡರ ನಡುವಿನ ವ್ಯತ್ಯಾಸ ಬರೀ ಶಾಸ್ತ್ರದ್ದಲ್ಲ. ವಿಮಾ ಕಂಪೆನಿಗೆ ರೋಗಿಯ ಕೋರಿಕೆ ಎಂದರೆ ನಷ್ಟ, ತಿರಸ್ಕರಿಸಿದಷ್ಟೂ ಲಾಭ. ಸಂಘದಲ್ಲಿ ಲಾಭಕ್ಕೆ ಕಾದು ಕುಳಿತ ಮಾಲಕನಿಲ್ಲ. ಉಳಿದ ಹಣ ಮುಂದಿನ ವರ್ಷದ ರೋಗಿಗೆ ಸೇರುತ್ತದೆ.

ಈ ಸಂಘಗಳಿಂದ ನಿಜವಾಗಿಯೂ ಪ್ರಯೋಜನವಾಯಿತೇ? ಆಯಿತು. ಥಿಯೆಸ್ ಪ್ರದೇಶದ ಹಳ್ಳಿಗಳಲ್ಲಿ ನಡೆದು 2004ರಲ್ಲಿ ಪ್ರಕಟಗೊಂಡ ಅಧ್ಯಯನವೊಂದು ಸದಸ್ಯರನ್ನೂ ಸದಸ್ಯರಲ್ಲದವರನ್ನೂ ಹೋಲಿಸಿ ನೋಡಿತು. ಸದಸ್ಯರು ಅಗತ್ಯ ಬಿದ್ದಾಗ ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಹೆಚ್ಚು, ದಾಖಲಾದಾಗ ಕೈಯಿಂದ ಕೊಡುವ ಹಣ ಬಹಳ ಕಡಿಮೆ ಎಂಬುದು ಕಂಡುಬಂತು. ಅದೇ ಅಧ್ಯಯನ ಇನ್ನೊಂದು ಸತ್ಯವನ್ನೂ ಹೇಳಿತು. ಹಳ್ಳಿಯ ಕಡುಬಡವರು ಸಂಘಕ್ಕೆ ಸೇರಿರಲೇ ಇಲ್ಲ. ಆ ನೂರು ಇನ್ನೂರು ಫ್ರಾಂಕೂ ಅವರಲ್ಲಿರಲಿಲ್ಲ. ಸಾರ್ವತ್ರಿಕ ರಕ್ಷಣೆಯ ಇಡೀ ಚರ್ಚೆ ಬಂದು ನಿಲ್ಲುವುದು ಇಲ್ಲಿಯೇ. ಯಾರಿಗಾಗಿ ಈ ಏರ್ಪಾಡೋ ಅವರೇ ಹೊರಗುಳಿದರೆ 'ಸಾರ್ವತ್ರಿಕ' ಎಂಬ ಪದಕ್ಕೆ ಏನರ್ಥ?

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಉದಾಹರಣೆಗೆ, ಒಂದು ಹಳ್ಳಿಯಲ್ಲಿ 400 ಮಂದಿ ಸೇರಿ ವರ್ಷಕ್ಕೆ ತಲಾ ಸಾವಿರ ರೂಪಾಯಿ ಕೂಡಿಸಿದರೆಂದು ಇಟ್ಟುಕೊಳ್ಳಿ. ನಾಲ್ಕು ಲಕ್ಷವಾಯಿತು. ಜ್ವರ, ಕೆಮ್ಮು, ಹೆರಿಗೆ, ಮಕ್ಕಳ ಭೇದಿ ಎಂದು ಎರಡು ಲಕ್ಷ ಖರ್ಚಾಯಿತು. ಮಳೆಗಾಲದಲ್ಲಿ ಒಬ್ಬನಿಗೆ ಅಪಘಾತವಾಗಿ ಎರಡೂವರೆ ಲಕ್ಷದ ಶಸ್ತ್ರಚಿಕಿತ್ಸೆ ಬೇಕಾಯಿತು. ಸಂಘ ಮುಗಿಯಿತು. ಆ ವರ್ಷ ಅಪಘಾತ ಆಗಲಿಲ್ಲ ಎಂದೇ ತಿಳಿಯಿರಿ. ಆಗ ಆರೋಗ್ಯವಂತ ಯುವಕರು, 'ನಾವು ಕಟ್ಟಿದ ಹಣದಿಂದ ನಮಗೇನು ಬಂತು' ಎಂದು ಮುಂದಿನ ವರ್ಷ ಕಟ್ಟುವುದನ್ನು ನಿಲ್ಲಿಸುತ್ತಾರೆ. ಉಳಿಯುವವರು ವೃದ್ಧರು, ಗರ್ಭಿಣಿಯರು, ದೀರ್ಘಕಾಲದ ರೋಗಿಗಳು. ತಲಾ ಖರ್ಚು ಏರುತ್ತದೆ, ಕಂತು ಏರಿಸಬೇಕಾಗುತ್ತದೆ, ಕಂತು ಏರಿದೊಡನೆ ಇನ್ನಷ್ಟು ಜನ ಬಿಡುತ್ತಾರೆ. ಸೇರಿದ ಕೂಡಲೇ ಸವಲತ್ತು ಕೊಡದೆ ಕೆಲವು ತಿಂಗಳು ಕಾಯಿಸುವುದು, ಒಬ್ಬನ ಬದಲು ಇಡೀ ಕುಟುಂಬವನ್ನೇ ಸೇರಿಸಿಕೊಳ್ಳುವುದು, ಆಸ್ಪತ್ರೆಗೆ ಹೋಗುವ ಮುನ್ನ ಸಂಘದ ಪತ್ರ ತೋರಿಸಬೇಕೆಂಬ ನಿಯಮ ಇವೆಲ್ಲ ಈ ಕುಸಿತವನ್ನು ತಡೆಯಲು ಹುಟ್ಟಿದ ಉಪಾಯಗಳು. ಅವು ಕುಸಿತವನ್ನು ನಿಧಾನಗೊಳಿಸುತ್ತವೆ, ತಡೆಯಲಾರವು. ಬಡವರು ಬಡವರಿಗೇ ನೆರವಾಗುವ ಚಿಕ್ಕ ನಿಧಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಚಿಕ್ಕದೇ. ಸ್ವಇಚ್ಛೆಯಿಂದ ಸೇರುವ ಇಂತಹ ಸಂಘಗಳು ಆಫ್ರಿಕಾದ ಹೆಚ್ಚಿನ ಕಡೆ ತಮ್ಮ ಪ್ರದೇಶದ ಹತ್ತರಲ್ಲಿ ಒಬ್ಬನನ್ನೂ ತಲುಪಲಾಗದೆ ಉಳಿದದ್ದು ಇದೇ ಕಾರಣಕ್ಕೆ.

ಸೆನೆಗಲ್‌ನ ಸರಕಾರಕ್ಕೂ ಇದು ಮನವರಿಕೆಯಾಯಿತು ಎನ್ನಬೇಕು. 2013ರ ಸೆಪ್ಟೆಂಬರ್‌ನಲ್ಲಿ ಅಂದಿನ ಅಧ್ಯಕ್ಷ ಮ್ಯಾಕಿ ಸಾಲ್ ಸಾರ್ವತ್ರಿಕ ಆರೋಗ್ಯ ರಕ್ಷಣೆಯ ಯೋಜನೆಗೆ ಚಾಲನೆ ನೀಡಿದರು. ದೇಶದ ಪ್ರತಿಯೊಂದು ಸ್ಥಳೀಯಾಡಳಿತ ಪ್ರದೇಶದಲ್ಲಿ ಕನಿಷ್ಠ ಒಂದು ಪರಸ್ಪರ ಆರೋಗ್ಯ ಸಂಘ ಇರಬೇಕು. ರೈತ, ಮೀನುಗಾರ, ಬೀದಿ ವ್ಯಾಪಾರಿಯಂತಹ ಅಸಂಘಟಿತ ಜನರನ್ನು ಈ ಸಂಘಗಳ ಮೂಲಕವೇ ರಕ್ಷಣೆಯ ಒಳಗೆ ತರಬೇಕು ಎಂದು ತೀರ್ಮಾನವಾಯಿತು. ವರ್ಷದ ಕಂತು ತಲಾ 7000 ಫ್ರಾಂಕ್, ಎಂದರೆ ಹೆಚ್ಚುಕಡಿಮೆ ನಮ್ಮ ಸಾವಿರ ರೂಪಾಯಿ. ಅದರಲ್ಲಿ ಅರ್ಧ, 3500 ಫ್ರಾಂಕನ್ನು ಸದಸ್ಯ ಕಟ್ಟುತ್ತಾನೆ; ಉಳಿದರ್ಧವನ್ನು ಸರಕಾರ ತುಂಬುತ್ತದೆ. ಸರಕಾರದ ಕುಟುಂಬ ಭದ್ರತಾ ಭತ್ತೆ ಪಡೆಯುವ ಕಡುಬಡವರ ಕಂತನ್ನಂತೂ ಪೂರ್ತಿಯಾಗಿ ಸರಕಾರವೇ ಕಟ್ಟುತ್ತದೆ. ಸದಸ್ಯನು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೆ ಖರ್ಚಿನ ಶೇ. 80ನ್ನು ಸಂಘ ನೀಡುತ್ತದೆ. ಜೊತೆಗೆ ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆಯೂ ಘೋಷಣೆಯಾಯಿತು. 60 ದಾಟಿದವರಿಗೆ ಇಂತಹದೇ ಯೋಜನೆ 2006ರಿಂದಲೇ ಇತ್ತು.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಕಾಣುವುದು ಕಷ್ಟ. ಜನರ ಸಂಘ ಉಳಿಯಿತು, ಕಡುಬಡವನೂ ಒಳಗೆ ಬಂದ, ಸರಕಾರದ ಬೊಕ್ಕಸವೂ ತೆರೆಯಿತು. ವಿಪರ್ಯಾಸವೇನೆಂದರೆ, ತೆರೆದ ಬೊಕ್ಕಸದಿಂದ ಹಣ ಹೊರಬರುವುದು ತಡವಾಗತೊಡಗಿತು. ಸದಸ್ಯ ತನ್ನ ಪಾಲನ್ನು ವರ್ಷದ ಆರಂಭದಲ್ಲೇ ಕಟ್ಟುತ್ತಾನೆ. ಸರಕಾರದ ಪಾಲು ತಿಂಗಳುಗಟ್ಟಲೆ ಬಾಕಿಯಾಗುತ್ತದೆ. ಸಂಘವು ಆಸ್ಪತ್ರೆಗೆ ಬಾಕಿಯಾಗುತ್ತದೆ. ಆಸ್ಪತ್ರೆಯು ಔಷಧಿ ಸರಬರಾಜುದಾರನಿಗೆ ಬಾಕಿಯಾಗುತ್ತದೆ. ಕೊನೆಗೆ ಆಸ್ಪತ್ರೆಯ ಗುಮಾಸ್ತ, 'ಸಂಘದ ಕಾರ್ಡು ನಡೆಯುವುದಿಲ್ಲ, ನಗದು ಕೊಡಿ' ಎನ್ನುತ್ತಾನೆ.

ಈ ಒಂದು ವಾಕ್ಯದ ಪರಿಣಾಮವನ್ನು ರಾಜಧಾನಿಯಲ್ಲಿ ಕುಳಿತವರು ಅರಿಯಲಾರರು. ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬೊಕ್ಕಸದ ಬಾಕಿ ಕಾಣುವುದಿಲ್ಲ. ಆಕೆಗೆ ಕಾಣುವುದು ತನ್ನ ಮನೆಗೆ ಬಂದು ಹಣ ಪಡೆದುಕೊಂಡು ಹೋದ ಸಂಘದ ಕಾರ್ಯದರ್ಶಿಯ ಮುಖ. ಆತನೋ ಬಹುತೇಕ ಕಡೆಗಳಲ್ಲಿ ಸಂಬಳವಿಲ್ಲದೆ ದುಡಿಯುವ ಊರಿನ ಸ್ವಯಂಸೇವಕ. ಹಳ್ಳಿಯ ಮೇಷ್ಟ್ರು ಇರಬಹುದು, ನಿವೃತ್ತ ನೌಕರ ಇರಬಹುದು. ಸರಕಾರ ತಪ್ಪಿದ ಮಾತಿಗೆ ಬೈಗುಳ ತಿನ್ನುವವನು ಅವನು. ಮುಂದಿನ ವರ್ಷ ಆತ ಹಣ ಕೇಳಲು ಹೋದಾಗ ಬಾಗಿಲು ತೆರೆಯುವುದಿಲ್ಲ. 2017ರೊಳಗೆ ಜನಸಂಖ್ಯೆಯ ಶೇ. 75ನ್ನು ರಕ್ಷಣೆಯೊಳಗೆ ತರುವ ಗುರಿಯನ್ನು ಸೆನೆಗಲ್ ಇಟ್ಟುಕೊಂಡಿತ್ತು. ಆ ಗುರಿ ತಲುಪಲಾಗಲಿಲ್ಲ. ಜನರಿಗೆ ವಿಮೆಯ ಮಹತ್ವ ತಿಳಿದಿಲ್ಲ, ಅವರಲ್ಲಿ ಜಾಗೃತಿ ಮೂಡಿಸಬೇಕು ಎಂದು ಅಧಿಕಾರಿಗಳು ಆಗಾಗ ಹೇಳುವುದುಂಟು. ನಮ್ಮ ಅಭಿಪ್ರಾಯದಲ್ಲಿ ಜನರಿಗೆ ಚೆನ್ನಾಗಿಯೇ ತಿಳಿದಿದೆ. ಕಾರ್ಡು ನಡೆಯದ ಕಡೆ ಕಾರ್ಡಿಗೆ ಹಣ ಕೊಡಬಾರದು ಎಂಬುದನ್ನು ಅವರು ಅನುಭವದಿಂದಲೇ ಕಲಿತಿದ್ದಾರೆ.

ಸೆನೆಗಲ್‌ನಲ್ಲಿಯೇ ಇದಕ್ಕೊಂದು ತಿದ್ದುಪಡಿಯ ಯತ್ನವೂ ನಡೆಯಿತು. 2014ರ ಸುಮಾರಿಗೆ ಕೌಂಗೆಲ್ ಮತ್ತು ಫೌಂಜೂನ್ ಎಂಬ ಎರಡು ಜಿಲ್ಲೆಗಳಲ್ಲಿ, ಬೆಲ್ಜಿಯಂ ದೇಶದ ನೆರವಿನಿಂದ, ಹಳ್ಳಿಗೊಂದು ಚಿಕ್ಕ ಸಂಘದ ಬದಲು ಇಡೀ ಜಿಲ್ಲೆಗೊಂದು ದೊಡ್ಡ ಸಂಘವನ್ನು ಕಟ್ಟಲಾಯಿತು. ಲೆಕ್ಕಪತ್ರಕ್ಕೆ ಸಂಬಳ ಪಡೆಯುವ ನೌಕರರನ್ನು ನೇಮಿಸಲಾಯಿತು; ನೀತಿ ನಿರ್ಧಾರವನ್ನು ಸದಸ್ಯರ ಪ್ರತಿನಿಧಿಗಳಿಗೆ ಬಿಡಲಾಯಿತು. ನಿಧಿ ದೊಡ್ಡದಾದಂತೆ ಒಂದು ಅಪಘಾತಕ್ಕೆ ಅದು ಕುಸಿಯುವುದಿಲ್ಲ. ಸ್ವಯಂಸೇವಕನ ಬೆನ್ನಿನ ಮೇಲಿನ ಭಾರವೂ ಇಳಿಯುತ್ತದೆ. ಮುಂದೆ ಇಡೀ ದೇಶದ ಸಂಘಗಳನ್ನು ಜಿಲ್ಲಾ ಮಟ್ಟಕ್ಕೆ ಏರಿಸುವತ್ತ ಚರ್ಚೆ ಸಾಗಲು ಈ ಎರಡು ಜಿಲ್ಲೆಗಳ ಅನುಭವವೇ ಕಾರಣವಾಯಿತು. ಆದರೆ ಸರಕಾರದ ಪಾಲು ಸಕಾಲಕ್ಕೆ ಬರಬೇಕೆಂಬ ಸಮಸ್ಯೆಯನ್ನು ಸಂಘದ ಗಾತ್ರ ಬಗೆಹರಿಸದು.

ಇನ್ನೊಂದು ದಾರಿಯನ್ನು ತುಳಿದ ದೇಶ ರುವಾಂಡಾ. 1994ರ ನರಮೇಧದಿಂದ ಆ ದೇಶ ಸ್ಮಶಾನವಾಗಿತ್ತು. 1999ರಲ್ಲಿ ಬ್ಯುಂಬಾ, ಕಬ್‌ಗಾಯಿ ಮತ್ತು ಕಬುಟಾರೆ ಎಂಬ ಮೂರು ಕಡೆ 54 ಸಂಘಗಳೊಂದಿಗೆ ಪ್ರಯೋಗ ಆರಂಭವಾಯಿತು. 2003ರಲ್ಲಿ ಜನಸಂಖ್ಯೆಯ ಶೇ. 7ರಷ್ಟು ಮಾತ್ರ ಸದಸ್ಯರಾಗಿದ್ದರು. 2010ರ ಹೊತ್ತಿಗೆ ಈ ಪ್ರಮಾಣ ಶೇ. 90ನ್ನು ದಾಟಿತು. ಇದು ಹಳ್ಳಿಯವರ ಉತ್ಸಾಹದಿಂದಷ್ಟೇ ಆದ ಪವಾಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸದಸ್ಯತ್ವವನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಲಾಯಿತು. ಮೇಯರ್‌ಗಳು ಅಧ್ಯಕ್ಷರೊಂದಿಗೆ ಮಾಡಿಕೊಳ್ಳುವ 'ಇಮಿಹಿಗೊ' ಎಂಬ ಸಾಧನಾ ಒಪ್ಪಂದದಲ್ಲಿ ಎಷ್ಟು ಜನರನ್ನು ಸಂಘಕ್ಕೆ ಸೇರಿಸಬೇಕೆಂಬ ಗುರಿಯೂ ಸೇರಿತು. ಕಡುಬಡವರ ಕಂತನ್ನು ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧದ ಜಾಗತಿಕ ನಿಧಿಯ ಹಣದಿಂದ ಭರಿಸಲಾಯಿತು. 2011ರಲ್ಲಿ ಎಲ್ಲರಿಗೂ ಒಂದೇ ಕಂತು ಎಂಬ ನಿಯಮವನ್ನು ಕೈಬಿಟ್ಟು ಆರ್ಥಿಕ ಸ್ಥಿತಿಗೆ ಅನುಗುಣವಾಗಿ 2000, 3000 ಮತ್ತು 7000 ರುವಾಂಡಾ ಫ್ರಾಂಕುಗಳ ಮೂರು ದರ್ಜೆಗಳನ್ನು ಮಾಡಿದರು. ಉಳ್ಳವನು ಹೆಚ್ಚು ಕೊಡಬೇಕೆಂಬುದು ನ್ಯಾಯವೇ. ಆದರೆ ಅದುವರೆಗೆ ಸಾವಿರ ಫ್ರಾಂಕ್ ಕಟ್ಟುತ್ತಿದ್ದ ಸಾಮಾನ್ಯ ರೈತನಿಗೆ ಮೂರು ಸಾವಿರ ಹೊರೆಯಾಯಿತು. ನಂತರದ ವರ್ಷಗಳಲ್ಲಿ ಸದಸ್ಯರ ಪ್ರಮಾಣ ಗಣನೀಯವಾಗಿ ಕುಸಿಯಿತು. 2015ರಲ್ಲಿ ಇಡೀ ವ್ಯವಸ್ಥೆಯನ್ನು ರಾಷ್ಟ್ರೀಯ ಸಾಮಾಜಿಕ ಭದ್ರತಾ ಮಂಡಳಿಗೆ ವಹಿಸಲಾಯಿತು. ಹೆಸರಿನಲ್ಲಿ 'ಮ್ಯುಚುವೆಲ್' ಉಳಿಯಿತು. ಸದಸ್ಯನ ಮಾತಿಗೆ ಅಲ್ಲಿ ಎಷ್ಟು ಬೆಲೆಯಿದೆ ಎಂಬುದು ಬೇರೆಯೇ ಪ್ರಶ್ನೆ. ಮೇಲಿನಿಂದ ಬರುವ ಆಜ್ಞೆಯ ಬಲದಲ್ಲಿ ನಡೆಯುವ ವ್ಯವಸ್ಥೆಯನ್ನು ಪರಸ್ಪರ ಸಂಘ ಎನ್ನುವುದಕ್ಕಿಂತ ತೆರಿಗೆ ಎನ್ನುವುದೇ ಸರಿ. ತೆರಿಗೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ತೆರಿಗೆಯನ್ನು ತೆರಿಗೆ ಎಂದೇ ಕರೆದು, ಉಳ್ಳವರಿಂದ ಹೆಚ್ಚಾಗಿ ಪಡೆಯುವುದು ಪ್ರಾಮಾಣಿಕತೆ.

ಘಾನಾ ಈ ಪ್ರಾಮಾಣಿಕತೆಯತ್ತ ಒಂದಷ್ಟು ದೂರ ನಡೆಯಿತು. ಅಲ್ಲಿ ಎಂಬತ್ತರ ದಶಕದ ಶುಲ್ಕ ವ್ಯವಸ್ಥೆಗೆ ಜನರು ಇಟ್ಟ ಅಡ್ಡಹೆಸರೇ 'ಕ್ಯಾಶ್ ಆಂಡ್ ಕ್ಯಾರಿ', ಅಂದರೆ ಹಣ ಕೊಡು, ಚಿಕಿತ್ಸೆ ಒಯ್ಯಿ. 1992ರಲ್ಲಿ ಎನ್‌ಕೊರಾಂಜಾ ಎಂಬಲ್ಲಿ ಸಂತ ತೆರೇಸಾ ಆಸ್ಪತ್ರೆಯ ಸುತ್ತ ಒಂದು ಆರೋಗ್ಯ ನಿಧಿ ಹುಟ್ಟಿತು. ಬಳಿಕ ಇಂತಹ ಸಂಘಗಳು ಹಲವೆಡೆ ಹಬ್ಬಿದವು. ಜಾನ್ ಕುಫುವೊರ್ ಅವರ ಸರಕಾರ 2003ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮಾ ಕಾನೂನನ್ನು ತಂದಾಗ ಈ ಸಂಘಗಳನ್ನು ಕಡೆಗಣಿಸಲಿಲ್ಲ, ಜಿಲ್ಲಾ ಪರಸ್ಪರ ವಿಮಾ ಸಂಘಗಳನ್ನೇ ತಳಹದಿಯಾಗಿ ಮಾಡಿಕೊಂಡಿತು. ಆದರೆ ಹಣಕ್ಕಾಗಿ ಅದು ಬಡವನ ಜೇಬನ್ನು ನೆಚ್ಚಿ ಕೂರಲಿಲ್ಲ. ಸರಕು ಮತ್ತು ಸೇವೆಗಳ ಮೇಲೆ ಶೇ. 2.5ರ ಆರೋಗ್ಯ ಸುಂಕವನ್ನು ಹಾಕಿತು. ಸಂಬಳದಾರರ ಸಾಮಾಜಿಕ ಭದ್ರತಾ ಕಂತಿನಿಂದಲೂ ಒಂದು ಪಾಲನ್ನು ತೆಗೆಯಿತು. ಯೋಜನೆಯ ಆದಾಯದ ಬಹುಪಾಲು ಈ ಸುಂಕದಿಂದ ಬರುತ್ತದೆಯೇ ಹೊರತು ರೈತ ಕಟ್ಟುವ ಕಂತಿನಿಂದಲ್ಲ. 2012ರ ಹೊಸ ಕಾನೂನು ಜಿಲ್ಲಾ ಸಂಘಗಳನ್ನೆಲ್ಲ ಒಂದೇ ರಾಷ್ಟ್ರೀಯ ಪ್ರಾಧಿಕಾರದೊಳಗೆ ಕರಗಿಸಿತು. ಘಾನಾದಲ್ಲಿಯೂ ಬಾಕಿಯ ಸಮಸ್ಯೆ ಇಲ್ಲದಿಲ್ಲ. ಸುಂಕದ ಹಣವನ್ನು ಹಣಕಾಸು ಇಲಾಖೆ ಸಕಾಲಕ್ಕೆ ಬಿಡುಗಡೆ ಮಾಡುವುದಿಲ್ಲ ಎಂಬ ದೂರು ಪದೇಪದೇ ಕೇಳಿಬಂದಿದೆ. ಆದರೂ ಯಾವ ಹಣ, ಯಾವ ಸುಂಕದ್ದು, ಯಾರಿಗೆ ಸೇರಬೇಕಾದದ್ದು ಎಂಬುದು ಅಲ್ಲಿ ಕಾನೂನಿನಲ್ಲಿ ಬರೆದಿದೆ. ಕೇಳುವವನಿಗೆ ಕಾಲೂರಲು ನೆಲವಿದೆ.

ಇದು ಆಫ್ರಿಕಾಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ಭಾವಿಸಬೇಕಿಲ್ಲ. ಬ್ರಿಟನ್ನಿನ ದಕ್ಷಿಣ ವೇಲ್ಸ್‌ನಲ್ಲಿ ಟ್ರೆಡಿಗರ್ ಎಂಬ ಕಬ್ಬಿಣ ಮತ್ತು ಕಲ್ಲಿದ್ದಲಿನ ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಕಾರ್ಮಿಕರು ಒಂದು ವೈದ್ಯಕೀಯ ನೆರವಿನ ಸಂಘವನ್ನು ಕಟ್ಟಿಕೊಂಡರು. ಸಂಬಳದ ಒಂದೊಂದು ಪೌಂಡಿಗೆ ಮೂರು ಪೆನ್ನಿ, ಎಂದರೆ ಎಂಬತ್ತರಲ್ಲಿ ಒಂದು ಪಾಲನ್ನು ಕಟ್ಟುತ್ತಿದ್ದರು. ಪಟ್ಟಣದ ಬಹುತೇಕ ಜನರು ಅದರ ಆಸರೆಗೆ ಬಂದರು. ಆ ಊರಿನಲ್ಲಿ ಹುಟ್ಟಿ, ಗಣಿಯಲ್ಲಿ ದುಡಿದು, ಆ ವ್ಯವಸ್ಥೆಯನ್ನು ಒಳಗಿನಿಂದ ಕಂಡ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಸಚಿವರಾದರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ತಮ್ಮೂರಿನ ಕಾರ್ಮಿಕರು ಅನುಭವಿಸುತ್ತಿದ್ದುದನ್ನು ಇಡೀ ದೇಶಕ್ಕೆ ವಿಸ್ತರಿಸುತ್ತಿದ್ದೇನೆ ಎಂಬುದು ಅವರ ಭಾವನೆಯಾಗಿತ್ತು. ಆದರೆ ವಿಸ್ತರಿಸುವಾಗ ಅವರು ಊರೂರಿಗೆ ಹೋಗಿ ಹೀಗೊಂದು ಸಂಘ ಕಟ್ಟಿಕೊಳ್ಳಿ ಎಂದು ಉಪದೇಶಿಸಲಿಲ್ಲ. ರಾಷ್ಟ್ರದ ತೆರಿಗೆಯನ್ನು ಅದಕ್ಕೆ ಮೀಸಲಿಟ್ಟರು. ಟ್ರೆಡಿಗರ್‌ನಿಂದ ಕಲಿಯಬೇಕಾದ ಪಾಠದ ಈ ಉತ್ತರಾರ್ಧವನ್ನು ಸ್ವಾವಲಂಬನೆಯ ಭಾಷಣ ಮಾಡುವವರು ಜಾಣತನದಿಂದ ಬಿಟ್ಟುಬಿಡುತ್ತಾರೆ.

ನಮ್ಮ ಕರ್ನಾಟಕಕ್ಕೂ ಇದರೊಂದಿಗೆ ನೇರ ನಂಟಿದೆ. 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ಸಹಕಾರಿ ಸಂಘಗಳ ಸದಸ್ಯರಾದ ರೈತರು ವರ್ಷಕ್ಕೆ ತಲಾ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ರಕ್ಷಣೆ ಪಡೆಯುವ ಏರ್ಪಾಡಾಗಿತ್ತು. ವಿಮಾ ಕಂಪೆನಿಯ ಮಧ್ಯಸ್ಥಿಕೆಯಿಲ್ಲದೆ ಒಂದು ಟ್ರಸ್ಟ್ ಅದನ್ನು ನಡೆಸಿತು. ಸರಕಾರವೂ ತನ್ನ ಪಾಲು ಕೊಟ್ಟಿತು. ಮೊದಲ ವರ್ಷವೇ ಲಕ್ಷಾಂತರ ರೈತರು ಸೇರಿದರು. ಎರಡು ವರ್ಷಗಳ ನಂತರ ಕಂತು 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಇಳಿಯಿತು. ನಗರದಲ್ಲಿ ಒಂದು ಊಟದ ಬೆಲೆಯಷ್ಟಿರುವ ಏರಿಕೆ ಹಳ್ಳಿಯ ಐದು ಜನರ ಕುಟುಂಬಕ್ಕೆ ಮುನ್ನೂರು ರೂಪಾಯಿಯ ಹೆಚ್ಚುವರಿ ಹೊರೆಯಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದವರು ಮರೆತಿರಬೇಕು. ರುವಾಂಡಾದಲ್ಲಿ 2011ರ ಬಳಿಕ ನಡೆದದ್ದು ಇಲ್ಲಿ ಆರು ವರ್ಷ ಮುಂಚೆಯೇ ನಡೆದಿತ್ತು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಳಿಸಲಾಯಿತು. ಸಹಕಾರಿಗಳ ಒತ್ತಾಯದಿಂದ 2022ರಲ್ಲಿ ಅದು ಪುನಃ ಬಂತು, ಗ್ರಾಮೀಣ ಪ್ರದೇಶದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿಯ ಕಂತಿನೊಂದಿಗೆ.

ಆದರೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಸೆನೆಗಲ್‌ನ ಸಂಘಗಳು ಹಳ್ಳಿಯ ಆರೋಗ್ಯ ಕೇಂದ್ರದ ಜ್ವರದ ಮದ್ದಿಗೂ ಹಣ ಕೊಡುತ್ತವೆ. ನಮ್ಮ ಯೋಜನೆಗಳು ಯಶಸ್ವಿನಿಯಿಂದ ಹಿಡಿದು ಆಯುಷ್ಮಾನ್‌ವರೆಗೆ ಬಹುಮಟ್ಟಿಗೆ ದಾಖಲಾದ ರೋಗಿಯನ್ನು, ಶಸ್ತ್ರಚಿಕಿತ್ಸೆಯನ್ನು ಮಾತ್ರ ನೋಡುತ್ತವೆ. ಆದರೆ ಮಧುಮೇಹದ ಮಾತ್ರೆಗೆ, ರಕ್ತದೊತ್ತಡದ ಮಾತ್ರೆಗೆ, ಮಗುವಿನ ಕೆಮ್ಮಿಗೆ ತಿಂಗಳು ತಿಂಗಳು ಜೇಬಿನಿಂದ ಹೋಗುವ ಹಣಕ್ಕೆ ಲೆಕ್ಕವಿಲ್ಲ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ನ್ನು ಜನರು ಸ್ವಂತ ಕೈಯಿಂದಲೇ ಭರಿಸಿದ್ದಾರೆ. ಯೋಜನೆ ರೂಪಿಸುವ ಮೇಜಿನ ಸುತ್ತ ಆಸ್ಪತ್ರೆಗಳಿರುತ್ತವೆ, ಅಧಿಕಾರಿಗಳಿರುತ್ತಾರೆ, ಕಂಪೆನಿಗಳಿರುತ್ತವೆ. ಮಾತ್ರೆ ಕೊಳ್ಳುವವನ ಪ್ರತಿನಿಧಿ ಇರುವುದಿಲ್ಲ. ಫಾಂದೆನ್‌ನ ಹಳ್ಳಿಯವರಿಗೆ ಸಿಕ್ಕಿದ್ದು ಆ ಕುರ್ಚಿ. ತಾವು ಕಟ್ಟಿದ ಹಣ ಯಾವ ಚಿಕಿತ್ಸೆಗೆ ಹೋಗಬೇಕೆಂದು ಅವರು ಸಭೆ ಸೇರಿ ತೀರ್ಮಾನಿಸಿದರು, ಆಸ್ಪತ್ರೆಯೊಂದಿಗೆ ದರದ ಚೌಕಾಸಿ ಮಾಡಿದರು. ಪರಸ್ಪರ ಸಂಘದ ನಿಜವಾದ ಬೆಲೆ ಅದು ಸಂಗ್ರಹಿಸುವ ಚಿಲ್ಲರೆಯಲ್ಲಿಲ್ಲ, ಈ ಚೌಕಾಸಿಯ ಶಕ್ತಿಯಲ್ಲಿದೆ.

ಆದ್ದರಿಂದ ಈ ಸಂಘಗಳನ್ನು ಮುಚ್ಚಬೇಕೆಂದು ನಾವು ವಾದಿಸುವುದಿಲ್ಲ. ಅವುಗಳ ಹೆಗಲಿನ ಮೇಲಿರುವ ಹಣದ ಭಾರವನ್ನು ಇಳಿಸಬೇಕೆಂಬುದು ನಮ್ಮ ವಾದ. ಹಣವನ್ನು ತೆರಿಗೆಯಿಂದ ತರಲಿ. ಕಡುಬಡವನ ಹೆಸರು ಅರ್ಜಿಯಿಲ್ಲದೆಯೇ ಪಟ್ಟಿಗೆ ಸೇರಲಿ. ಆಸ್ಪತ್ರೆ ರೋಗಿಯನ್ನು ಹಿಂದಕ್ಕೆ ಕಳುಹಿಸಿದಾಗ ಕೇಳುವ, ಔಷಧಿಯ ದಾಸ್ತಾನನ್ನು ಪ್ರಶ್ನಿಸುವ, ಸರಕಾರದ ಬಾಕಿಯನ್ನು ಬಹಿರಂಗವಾಗಿ ಗೋಡೆಯ ಮೇಲೆ ಬರೆದು ಹಾಕುವ ಹಕ್ಕು ಸಂಘದ ಕೈಯಲ್ಲಿರಲಿ. ಸೆನೆಗಲ್‌ನ ಕಾರ್ಯದರ್ಶಿ ಮನೆಮನೆಗೆ ಹೋಗಿ ಬೈಗುಳ ತಿನ್ನುವ ಬದಲು ಊರವರನ್ನು ಕರೆದುಕೊಂಡು ಜಿಲ್ಲಾಡಳಿತದ ಬಾಗಿಲಿಗೆ ಹೋಗುವಂತಾಗಲಿ. ಪಶ್ಚಿಮ ಆಫ್ರಿಕಾದ ಎಂಟು ದೇಶಗಳ ಆರ್ಥಿಕ ಒಕ್ಕೂಟವು 2009ರಲ್ಲಿ ಪರಸ್ಪರ ಸಂಘಗಳಿಗಾಗಿ ಒಂದು ಸಮಾನ ನಿಯಮಾವಳಿಯನ್ನು ರೂಪಿಸಿದೆ. ಸಂಘ ಹೇಗೆ ಲೆಕ್ಕ ಇಡಬೇಕು, ಹೇಗೆ ನೋಂದಾಯಿಸಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ವಿಧಿಗಳಿವೆ. 3500 ಫ್ರಾಂಕ್ ಕಟ್ಟುವ ಬೀದಿ ವ್ಯಾಪಾರಿಗೆ ಗಡುವಿದೆ, ಗಡುವು ಮೀರಿದರೆ ಆತನ ಕಾರ್ಡು ರದ್ದಾಗುತ್ತದೆ. ಉಳಿದ 3500ನ್ನು ಕಟ್ಟಬೇಕಾದವನಿಗೂ ಅಂತಹದೊಂದು ಗಡುವನ್ನು ಗೊತ್ತುಪಡಿಸುವ ಕೆಲಸ ಬಾಕಿಯಿದೆ.